ಸ್ಲೇಟ್ ಕಲ್ಲಿನ ಪೂಲ್ ಟೇಬಲ್ ಸಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ 8 ಅಡಿಯ ಪೂಲ್ ಟೇಬಲ್ ಇದೆ, ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲಿನ ಹಾಸು ಇರುವಂಥದ್ದು. ಬೆಂಗಳೂರಿನೊಳಗೇ ಎರಡು ಸಲ ಅದನ್ನು ಸಾಗಿಸಿದ್ದೇವೆ. ಮೊದಲನೇ ಸಲ ಪೂರ್ತಿ ಎಡವಟ್ಟಾಯಿತು. ಎರಡನೇ ಸಲ, ಟೇಬಲ್ ಬಿಚ್ಚಿ ಜೋಡಿಸುವ ಫಿಟ್ಟರ್ ಜೊತೆ ಎರಡು ದಿನ ಕೂತು ಪ್ರತಿ ಬೋಲ್ಟನ್ನೂ ನೋಡಿದೆ. ಅವತ್ತಿನಿಂದ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಕೇಳುವುದೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ನಮ್ಮ ಟೇಬಲ್‌ನಲ್ಲಿ ನಿಜವಾಗಲೂ ಕಲ್ಲಿದೆಯಾ? ನೋಡೋಕೆ ಬರೀ ಮರದ ಥರ ಕಾಣುತ್ತೆ.

ಟೇಬಲ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿ. ಬೂದು ಬಣ್ಣದ ಹಾಸು ಕಂಡರೆ ಕಲ್ಲು. ಕೆಲವು ಟೇಬಲ್‌ಗಳಲ್ಲಿ ಕಲ್ಲಿನ ತಳಕ್ಕೆ ಮರದ ಪಟ್ಟಿ ಅಂಟಿಸಿರುತ್ತಾರೆ. ಆಗ ಚೆಂಡು ಬೀಳುವ ಪಾಕೆಟ್ ಬಾಯಿಯೊಳಗೆ ಬೆರಳು ಹಾಕಿ ಬಟ್ಟೆಯ ಕೆಳಗಿನ ಅಂಚು ಮುಟ್ಟಿ. ಕಲ್ಲಾದರೆ ತಣ್ಣಗಿರುತ್ತದೆ, ಉಗುರಿನಿಂದ ಕುಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಡಬ್ಬದ ಸದ್ದು. ಎಂಡಿಎಫ್ ಟೇಬಲ್ ಆಗಿದ್ದರೆ ಈ ಪುಟದ ಮುಕ್ಕಾಲು ಪಾಲು ನಿಮಗೆ ಬೇಕಾಗಿಲ್ಲ. ನಾಲ್ಕು ಜನರನ್ನು ಕರೆದು ಎತ್ತಿಸಿ, ಕಾಫಿ ಕೊಟ್ಟು ಕಳಿಸಿ.

ಎಷ್ಟು ತೂಕ ಇರುತ್ತೆ ಸಾರ್? ಎಂಟು ಜನ ಸೇರಿದ್ರೆ ಎತ್ತಬಹುದಲ್ವಾ?

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದು ಇಂಚು ದಪ್ಪದ ಸ್ಲೇಟು ಚದರ ಅಡಿಗೆ ಸುಮಾರು ಆರೂವರೆ ಕೆಜಿ ತೂಗುತ್ತದೆ. 8 ಅಡಿಯ ಟೇಬಲ್‌ನಲ್ಲಿ ಹೆಚ್ಚುಕಮ್ಮಿ 33 ಚದರ ಅಡಿ ಕಲ್ಲಿರುತ್ತದೆ. ಅಂದರೆ ಕಲ್ಲೇ 200 ಕೆಜಿ ದಾಟಿತು. ಅದರ ಮೇಲೆ ಫ್ರೇಮು, ಕಾಲು, ಕುಶನ್ (ಚೆಂಡು ತಾಗಿ ವಾಪಸ್ ಬರುವ ಅಂಚಿನ ಹಲಗೆ) ಸೇರಿದರೆ 300ರಿಂದ 400 ಕೆಜಿ. 9 ಅಡಿಯದ್ದು ಇನ್ನೂ ಜಾಸ್ತಿ.

ಎಂಟು ಜನ ಎತ್ತಬಹುದು, ಸುಳ್ಳಲ್ಲ. ಆದರೆ ಎಂಟೂ ಜನ ಒಂದೇ ಸಮ ಎತ್ತುವುದಿಲ್ಲ. ಒಂದು ಮೂಲೆ ಮೊದಲು ಏಳುತ್ತದೆ, ಎದುರಿನ ಮೂಲೆ ನೆಲದಲ್ಲೇ ಇರುತ್ತದೆ. ಫ್ರೇಮು ತಿರುಚಿಕೊಳ್ಳುತ್ತದೆ. ಮನೆಯ ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ಕಲ್ಲು ಮೂರು ತುಂಡು. ಆ ತಿರುಚಿಗೆ ತುಂಡುಗಳ ಸಂದಿ ಬಾಯಿ ಬಿಡುತ್ತದೆ. ಕೈಯಿಟ್ಟ ಜಾಗ ಕುಶನ್ ಆಗಿದ್ದರೆ ಬೋಲ್ಟೂ ಕಿತ್ತು ಬರುತ್ತದೆ.

ಪಕ್ಕದ ರೂಮಿಗೆ ಅಷ್ಟೇ. ಅದಕ್ಕೂ ಪೂರ್ತಿ ಬಿಚ್ಚಬೇಕಾ?

ಬಾಗಿಲು ಮೂರಡಿ, ಟೇಬಲ್ ನಾಲ್ಕೂವರೆ ಅಡಿ. ಬಿಚ್ಚಲೇಬೇಕು. ಮೂರು ತುಂಡಿನ ಟೇಬಲನ್ನು ಅಡ್ಡ ಮಲಗಿಸಿ ತೂರಿಸುವ ಐಡಿಯಾ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಟೇಬಲ್‌ಗಳಲ್ಲಿ ಕಲ್ಲು ಒಂದೇ ತುಂಡು. ಅವನ್ನು ಕಾಲು ಬಿಚ್ಚಿ ಅಡ್ಡ ನಿಲ್ಲಿಸಿ ಟ್ರಾಲಿಯಲ್ಲಿ ತಳ್ಳುತ್ತಾರೆ. ಅದನ್ನು ನೋಡಿ ಮನೆಯದ್ದಕ್ಕೂ ಹಾಗೇ ಮಾಡಲು ಹೋಗುವವರೇ ಜಾಸ್ತಿ.

ಅದೇ ರೂಮಿನಲ್ಲಿ ಒಂದೆರಡು ಅಡಿ ಸರಿಸಬೇಕಾದರೆ ಬೇರೆ ದಾರಿ ಇದೆ. ಫ್ರೇಮಿನ ಕೆಳಗೆ ಅಗಲದ ಹಲಗೆ ಕೊಟ್ಟು, ಕಾರಿನ ಜಾಕ್‌ನಲ್ಲಿ ಒಂದು ತುದಿಯನ್ನು ಅರ್ಧ ಇಂಚು ಮಾತ್ರ ಎತ್ತಿ. ಕಾಲುಗಳ ಕೆಳಗೆ ದಪ್ಪ ಕಂಬಳಿಯ ತುಂಡು ತೂರಿಸಿ. ಇನ್ನೊಂದು ತುದಿಗೂ ಹಾಗೇ. ಆಮೇಲೆ ಫ್ರೇಮು ಹಿಡಿದು ಮೆಲ್ಲಗೆ ತಳ್ಳಿ. ಕಾಲು ಹಿಡಿದು ಎಳೆಯಬೇಡಿ, ಕಾಲಿನ ಬೋಲ್ಟು ಅಡ್ಡ ಎಳೆತಕ್ಕೆ ಮಾಡಿದ್ದಲ್ಲ. ಸರಿಸಿದ ಮೇಲೆ ಲೆವೆಲ್ ಮತ್ತೆ ನೋಡಲೇಬೇಕು.

## ಹೊರಡುವ ಮುಂಚೆ

ಹೊಸ ಮನೆಯ ರೂಮು 12 ಅಡಿಗೆ 14 ಅಡಿ. ನಮ್ಮ 8 ಅಡಿ ಟೇಬಲ್ ಹಿಡಿಯುತ್ತಾ?

ಟೇಬಲ್ ಹಿಡಿಯುತ್ತದೆ, ಆಟ ಹಿಡಿಯುವುದಿಲ್ಲ. ಚೆಂಡು ಹೊಡೆಯುವ ಕ್ಯೂ ಕೋಲಿನ ಉದ್ದ 58 ಇಂಚು. ಆಡುವ ಜಾಗದ ನಾಲ್ಕೂ ಕಡೆ ಅಷ್ಟು ಬೇಕು. 8 ಅಡಿ ಟೇಬಲ್‌ನ ಆಡುವ ಜಾಗ 44ಕ್ಕೆ 88 ಇಂಚು. ಲೆಕ್ಕ ಹಾಕಿದರೆ ರೂಮು 13 ಅಡಿ 4 ಇಂಚಿಗೆ 17 ಅಡಿ ಆಗುತ್ತದೆ. 9 ಅಡಿಯದ್ದಕ್ಕೆ 13 ಅಡಿ 10 ಇಂಚಿಗೆ 18 ಅಡಿ. ಇದು ಗೋಡೆಗೆ ಮೊಣಕೈ ತಾಗುವಷ್ಟು ಬಿಗಿಯಾದ ಲೆಕ್ಕ. ಇನ್ನೊಂದು ಅರ್ಧ ಅಡಿ ಇದ್ದರೆ ನೆಮ್ಮದಿ.

ಒಂದು ಕಡೆ ಮಾತ್ರ ಕಡಿಮೆ ಬಿದ್ದರೆ 48 ಇಂಚಿನ ಗಿಡ್ಡ ಕ್ಯೂ ಒಂದನ್ನು ಇಟ್ಟುಕೊಳ್ಳುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಕಡೆ ಗಿಡ್ಡ ಕ್ಯೂ ಬೇಕಾಗುವ ರೂಮಿಗೆ ಟೇಬಲ್ ಸಾಗಿಸುವುದಕ್ಕಿಂತ ಮಾರುವುದು ಒಳ್ಳೆಯದು. ಆರು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಮಡಚಿ ಇಡಲು ಶುರು ಮಾಡುತ್ತೀರಿ.

ಎರಡನೇ ಮಹಡಿ. ಛಾವಣಿ ಭಾರ ತಡೆಯುತ್ತಾ? ಅಮ್ಮ ಹೆದರುತ್ತಿದ್ದಾರೆ.

ನಮ್ಮ ದೇಶದಲ್ಲಿ ಮನೆಯ ಮಹಡಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರ ಲೆಕ್ಕ ಹಿಡಿದು ಡಿಸೈನ್ ಮಾಡುವುದು ಪದ್ಧತಿ. 9 ಅಡಿಯ ಟೇಬಲ್ 450 ಕೆಜಿ ಅಂದುಕೊಂಡರೂ ಅದು ನಿಲ್ಲುವ ಜಾಗ ನಾಲ್ಕೂವರೆ ಚದರ ಮೀಟರ್. ಅಂದರೆ ಚದರ ಮೀಟರಿಗೆ 100 ಕೆಜಿ. ಸರಿಯಾಗಿ ಕಟ್ಟಿದ ಆರ್‌ಸಿಸಿ ಮನೆಗೆ ಇದು ತೊಂದರೆಯಲ್ಲ. ಅಮ್ಮನಿಗೆ ಹೇಳಿ, ಹಬ್ಬದ ದಿನ ಹಾಲ್‌ನಲ್ಲಿ ನೆಂಟರು ಒತ್ತಾಗಿ ನಿಂತರೆ ಇದಕ್ಕಿಂತ ಜಾಸ್ತಿ ಆಗುತ್ತದೆ. ಮರದ ತೊಲೆ, ಹಲಗೆಯ ಮಹಡಿ ಇರುವ ಹಳೆಯ ಮನೆಯಾದರೆ ಮಾತ್ರ ಕೆಳಗಿನ ಮಹಡಿಯಲ್ಲೇ ಇಡಿ.

ಭಾರಕ್ಕಿಂತ ನಿಜವಾಗಿ ಕಾಡುವುದು ಟೈಲ್ಸ್. ಒಂದೊಂದು ಕಾಲಿನ ಮೇಲೆ ನೂರು ಕೆಜಿ ಇರುತ್ತದೆ. ಟೈಲ್ಸ್ ಕೆಳಗೆ ಗಾರೆ ಸರಿಯಾಗಿ ತುಂಬದೆ ಟೊಳ್ಳಾಗಿದ್ದರೆ ಬಿರುಕು ಬಿಡುತ್ತದೆ. ಕಾಲು ಬರುವ ಜಾಗದಲ್ಲಿ ಒಂದು ನಾಣ್ಯ ಹಿಡಿದು ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ. ಡಬ್ ಅಂದ ಕಡೆ ಟೇಬಲನ್ನು ಅರ್ಧ ಅಡಿ ಸರಿಸಿ. ಆಗದಿದ್ದರೆ ಕಾಲಿನ ಕೆಳಗೆ ಅಗಲದ ಗಟ್ಟಿ ಪ್ಯಾಡ್ ಕೊಡಿ.

ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಹೋಗುತ್ತಾ, ಮೆಟ್ಟಿಲಲ್ಲೇ ಹೊರಬೇಕಾ?

ಲಿಫ್ಟಿನೊಳಗಿನ ಫಲಕ ನೋಡಿ. 8 ಜನರ ಲಿಫ್ಟು ಅಂದರೆ 544 ಕೆಜಿ, 6 ಜನರದ್ದು 408 ಕೆಜಿ. ಸ್ಲೇಟಿನ ಒಂದು ತುಂಡು 70 ಕೆಜಿ, ಹಿಡಿದುಕೊಳ್ಳಲು ಇಬ್ಬರು. ಒಂದು ಸಲಕ್ಕೆ ಒಂದೇ ತುಂಡು ಅಂದರೆ ಚಿಂತೆಯಿಲ್ಲ. ಲಿಫ್ಟಿನ ನೆಲಕ್ಕೆ ಒಂದು ಪ್ಲೈವುಡ್ ಹಾಸಿ, ಕಲ್ಲನ್ನು ಅದರ ಮೇಲೇ ಇಳಿಸಿ. ತೊಡಕಾಗುವುದು ಫ್ರೇಮಿನ ಉದ್ದದ ಪಟ್ಟಿಗಳು. ಓರೆಯಾಗಿ ನಿಲ್ಲಿಸಿದರೂ ಕೆಲವು ಲಿಫ್ಟುಗಳಲ್ಲಿ ಹಿಡಿಯುವುದಿಲ್ಲ. ಅವು ತೂಕ ಕಡಿಮೆ, ಮೆಟ್ಟಿಲಲ್ಲಿ ಹೊರಬಹುದು. ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿಡಿ. ಅರ್ಧ ದಾರಿಯಲ್ಲಿ ಕಲ್ಲು ಹಿಡಿದು ನಿಂತವರ ಹತ್ತಿರ ಪರ್ಮಿಷನ್ ಕೇಳಿದರೆ ಯಾರಿಗೂ ಒಳ್ಳೆಯದಲ್ಲ.

ಪ್ಯಾಕರ್ಸ್‌ನವರು "ನಾವೇ ಎಲ್ಲಾ ಮಾಡ್ತೀವಿ ಸಾರ್" ಅಂತಾರೆ. ಬಿಡಬಹುದಾ?

ನನ್ನ ಮೊದಲನೇ ಸಲದ ಎಡವಟ್ಟು ಇದೇ. ಮನೆ ಸಾಮಾನು ಸಾಗಿಸಲು ಬಂದವರೇ ಟೇಬಲನ್ನೂ ಬಿಚ್ಚಿದರು. ಹುಡುಗರು ಶ್ರಮಜೀವಿಗಳು, ಕೆಟ್ಟವರಲ್ಲ. ಬಿಚ್ಚಿದ್ದೂ ಬೇಗ. ಆದರೆ ಮೂರು ಕಲ್ಲುಗಳನ್ನೂ ಲಾರಿಯಲ್ಲಿ ಹಾಸಿಗೆಯ ಮೇಲೆ ಮಲಗಿಸಿದರು. ಮೆತ್ತಗಿರುತ್ತೆ ಅಂತ. ನಾನೂ ನೋಡುತ್ತಾ ನಿಂತಿದ್ದೆ, ನನಗೂ ಸರಿ ಅನ್ನಿಸಿತು. ದಾರಿಯಲ್ಲಿ ಒಂದು ಹಂಪ್. ಇಳಿಸುವಾಗ ನಡುವಿನ ತುಂಡಿನ ಮೂಲೆ ಕೈಗೆ ಬಂತು, ಚಪಾತಿ ಮುರಿದ ಹಾಗೆ.

ಸಾಗಿಸುವುದು ಒಂದು ಕೆಲಸ, ಬಿಚ್ಚಿ ಜೋಡಿಸುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಜನ ಬೇಕು. ಪೂಲ್ ಪಾರ್ಲರ್‌ಗೆ ಹೋಗಿ "ನಿಮ್ಮ ಟೇಬಲ್‌ಗೆ ಬಟ್ಟೆ ಹಾಕುವವರು ಯಾರು?" ಅಂತ ಕೇಳಿ, ಫಿಟ್ಟರ್ ನಂಬರ್ ಸಿಗುತ್ತದೆ. ಆತನಿಗೆ ಮೂರು ಪ್ರಶ್ನೆ ಹಾಕಿ: ಲೆವೆಲ್ ಯಾವುದರಲ್ಲಿ ನೋಡುತ್ತೀರಿ, ಸಂದಿಗೆ ಏನು ತುಂಬುತ್ತೀರಿ, ಬಟ್ಟೆ ಹಾಳಾದರೆ ಯಾರ ಜವಾಬ್ದಾರಿ. ತಡವರಿಸದೆ ಉತ್ತರ ಕೊಟ್ಟರೆ ಸಾಕು. ರೇಟು ಮಾತಾಡುವಾಗ ಹೊಸ ಬಟ್ಟೆಯ ಬೆಲೆ ಸೇರಿದೆಯಾ ಇಲ್ಲವಾ ಅಂತ ಬಾಯಿಬಿಟ್ಟು ಕೇಳಿ. ಜಗಳ ಬರುವುದು ಅಲ್ಲೇ.

## ಬಿಚ್ಚುವುದು, ಹೊರುವುದು

ನಾನೇ ಬಿಚ್ಚುತ್ತೇನೆ ಅಂದರೆ ಯಾವ ಕ್ರಮ? ಎಲ್ಲಿಂದ ಶುರು ಮಾಡಲಿ?

ಕೈಗೆ ಮೊದಲು ಪಾನಾ ಅಲ್ಲ, ಫೋನ್ ತೆಗೆದುಕೊಳ್ಳಿ. ಪ್ರತಿ ಹಂತಕ್ಕೂ ಫೋಟೋ. ಆಮೇಲೆ ಪಾಕೆಟ್‌ಗಳು. ಚರ್ಮದ ಪಾಕೆಟ್ ಆದರೆ ಒಳಗಡೆ ಪಿನ್ನು, ಸಣ್ಣ ಮೊಳೆ ಇರುತ್ತವೆ. ಅದಾದ ಮೇಲೆ ಕುಶನ್ ಹಲಗೆಗಳು. ಕೆಳಗಿನಿಂದ ಸಾಕೆಟ್ ಪಾನಾ ಹಾಕಿ ಬಿಚ್ಚಬೇಕು. ಹಲವು ಟೇಬಲ್‌ಗಳಲ್ಲಿ ಹಲಗೆಗೆ ಮೂರರಂತೆ 18 ಬೋಲ್ಟು. ಎಣಿಸಿ ಒಂದು ಡಬ್ಬಕ್ಕೆ ಹಾಕಿ. ಹಲಗೆ ಬರಲಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟು ಉಳಿದಿದೆ ಅಂತಲೇ ಅರ್ಥ. ಮೀಟಬೇಡಿ, ಮತ್ತೆ ಮಲಗಿ ಹುಡುಕಿ.

ಈಗ ಬಟ್ಟೆ. ಸ್ಟೇಪಲ್ ಹೊಡೆದಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ಒಂದೊಂದೇ ಎಬ್ಬಿಸಿ ಇಕ್ಕಳದಲ್ಲಿ ಎಳೆಯಿರಿ. ಇದು ಬೇಜಾರಿನ ಕೆಲಸ, ನೂರಾರು ಪಿನ್ ಇರುತ್ತವೆ. ಅಂಟು ಹಾಕಿದ್ದರೆ ಮೆಲ್ಲಗೆ ಸುಲಿಯಬೇಕು. ಬಟ್ಟೆ ಹೋದ ಮೇಲೆ ಕಲ್ಲು ಕಾಣುತ್ತದೆ, ಸ್ಕ್ರೂ ಕಾಣುವುದಿಲ್ಲ! ಸ್ಕ್ರೂ ತಲೆಗಳ ಮೇಲೆ ಮೇಣ ಅಥವಾ ಪುಟ್ಟಿ ತುಂಬಿರುತ್ತಾರೆ. ಅದನ್ನು ಪೂರ್ತಿ ಕೆರೆದು ತೆಗೆದು ಕೈಯಿಂದಲೇ ಬಿಚ್ಚಿ. ಡ್ರಿಲ್ ಹಾಕಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ. ಆಮೇಲೆ ಆ ಒಂದು ಸ್ಕ್ರೂಗೆ ಅರ್ಧ ದಿನ.

ಕಲ್ಲು ಎತ್ತುವ ಮುಂಚೆ ಪ್ರತಿ ತುಂಡಿಗೂ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆಯಿರಿ: ತುದಿ, ನಡು, ತುದಿ, ಯಾವ ಅಂಚು ಯಾವ ಅಂಚಿಗೆ. ಮೂರೂ ತುಂಡು ಒಟ್ಟಿಗೆ ಉಜ್ಜಿ ಸಮ ಮಾಡಿದ ಜೋಡಿ, ಅದಲು ಬದಲಾದರೆ ಸಂದಿ ಕೂಡುವುದಿಲ್ಲ. ಕೆಲವು ಟೇಬಲ್‌ಗಳಲ್ಲಿ ತುಂಡುಗಳ ನಡುವೆ ಹಿತ್ತಾಳೆ ಪಿನ್ ಇರುತ್ತದೆ. ಹಾಗಿದ್ದರೆ ಮೊದಲು ಅಡ್ಡಕ್ಕೆ ಎಳೆದು ಬಿಡಿಸಿ, ಆಮೇಲೆ ಎತ್ತಿ. ನೇರ ಮೇಲೆತ್ತಿದರೆ ಪಿನ್ನಿನ ಸುತ್ತ ಕಲ್ಲು ಚಕ್ಕೆ ಏಳುತ್ತದೆ.

ಕಲ್ಲನ್ನ ಮಲಗಿಸಿ ಒಯ್ಯಬೇಕಾ, ನಿಲ್ಲಿಸಿ ಒಯ್ಯಬೇಕಾ?

ನಿಲ್ಲಿಸಿ. ಯಾವಾಗಲೂ ನಿಲ್ಲಿಸಿ. ಗ್ರಾನೈಟ್ ಅಂಗಡಿಯಲ್ಲಿ ಹಾಸುಗಳನ್ನು ಹೇಗೆ ಇಟ್ಟಿರುತ್ತಾರೆ ನೋಡಿದ್ದೀರಲ್ಲ? ಜಿಗಣಿ ಕಡೆಯಿಂದ ಬರುವ ಲಾರಿಯಲ್ಲೂ ಹಾಗೇ, ಸ್ವಲ್ಪ ಓರೆಯಾಗಿ ನಿಂತಿರುತ್ತವೆ. ಕಲ್ಲು ಒತ್ತಡ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಮಲಗಿಸಿದಾಗ ನಡುವೆ ಆಸರೆ ತಪ್ಪಿದರೆ ತನ್ನ ತೂಕಕ್ಕೇ ಬಾಗಲು ನೋಡುತ್ತದೆ, ಕುಲುಕಾಟ ಸೇರಿದರೆ ಬಿರುಕು.

ಒಂದು ತುಂಡಿಗೆ ಇಬ್ಬರು, ಮೆಟ್ಟಿಲಿದ್ದರೆ ಮೂವರು. ಕೈಗೆ ರಬ್ಬರ್ ಹಿಡಿತದ ಗ್ಲೌಸ್, ಕಾಲಿಗೆ ಶೂ. ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ಕಲ್ಲು ಕೊಡಬೇಡಿ. ನೆಲಕ್ಕೆ ಇಳಿಸುವಾಗ ಮೂಲೆ ಮೊದಲು ತಾಗಬಾರದು, ಪೂರ್ತಿ ಅಂಚು ಒಟ್ಟಿಗೆ ಮಡಚಿದ ಗೋಣಿಚೀಲದ ಮೇಲೆ ಕೂರಬೇಕು. ಗಾಡಿಯಲ್ಲಿ ಡ್ರೈವರ್ ಹಿಂದಿನ ತಡಿಕೆಗೆ ಒರಗಿಸಿ, ತುಂಡುಗಳ ನಡುವೆ ಕಂಬಳಿ ಕೊಟ್ಟು, ಹಗ್ಗ ಬಿಗಿಯಿರಿ. ತೂಕದ ಲೆಕ್ಕದಲ್ಲಿ ಇಡೀ ಟೇಬಲ್‌ಗೆ ಒಂದು ಟಾಟಾ ಏಸ್ ಸಾಕು. ಅದೇ ಟ್ರಿಪ್ಪಿನಲ್ಲಿ ಫ್ರಿಜ್ಜು, ಬೀರು ಸೇರಿಸುವ ಆಸೆ ಬೇಡ.

## ಹೊಸ ಮನೆಯಲ್ಲಿ ಜೋಡಿಸುವುದು

ಹಳೇ ಬಟ್ಟೆಯನ್ನೇ ಮತ್ತೆ ಹಾಕಬಹುದಾ?

ಸ್ಟೇಪಲ್ ಹೊಡೆದ, ಒಂದೆರಡು ವರ್ಷದೊಳಗಿನ ಬಟ್ಟೆಯಾದರೆ ಆಗಬಹುದು. ಅಂಟು ಹಾಕಿದ್ದಾದರೆ ಬಿಚ್ಚುವಾಗಲೇ ಅಂಚು ಹರಿಯುತ್ತದೆ. ಮತ್ತೆ ಹಾಕಿದಾಗ ಹಳೆ ಮಡಿಕೆಗಳು ಜಾಗ ಬದಲಿಸಿ ಆಟದ ಜಾಗಕ್ಕೆ ಬರುವುದೂ ಇದೆ. ಹೇಗಿದ್ದರೂ ಪೂರ್ತಿ ಬಿಚ್ಚಿದ್ದೀರಿ, ಬಟ್ಟೆ ಬದಲಿಸಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಲೆವೆಲ್ ಮಾಡೋದು ಹೇಗೆ? ಮೇಸ್ತ್ರಿ ಹತ್ತಿರ ಇರೋ ರಸಮಟ್ಟ ಸಾಕಾಗುತ್ತಾ?

ಶುರುವಿಗೆ ಸಾಕು, ಕೊನೆಗೆ ಸಾಲದು. ಪೂಲ್ ಟೇಬಲ್ ಉದ್ದಕ್ಕೆ ಅರ್ಧ ಮಿಲಿಮೀಟರ್, ಅಗಲಕ್ಕೆ ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ತಪ್ಪಬಾರದು ಅನ್ನುವುದು ಸ್ಪರ್ಧೆಯ ಟೇಬಲ್‌ಗಳ ಅಳತೆ. ಗಾರೆ ಕೆಲಸದ ರಸಮಟ್ಟದ ಗುಳ್ಳೆ ನಡುವೆ ನಿಂತಿದ್ದರೂ ಮೀಟರಿಗೆ ಅರ್ಧದಿಂದ ಒಂದು ಮಿಲಿಮೀಟರ್ ತಪ್ಪಿರಬಹುದು. ಲೇಥ್ ಮೆಷಿನ್ ಕೂರಿಸುವವರು ಬಳಸುವ ಲೆವೆಲ್ ಮೀಟರಿಗೆ 0.02 ಮಿಲಿಮೀಟರ್ ವ್ಯತ್ಯಾಸ ತೋರಿಸುತ್ತದೆ. ಪೀಣ್ಯದ ಕಡೆ ವರ್ಕ್‌ಶಾಪ್ ಇಟ್ಟವರು ಪರಿಚಯ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಯಾವ ಲೆವೆಲ್ ಆದರೂ ಒಂದು ಜಾಗದಲ್ಲಿಟ್ಟು ನೋಡಿ, ಅಲ್ಲೇ ತಿರುಗಿಸಿ ಇಟ್ಟು ಮತ್ತೆ ನೋಡಿ. ಗುಳ್ಳೆ ಬೇರೆ ಕಡೆ ಹೋದರೆ ಲೆವೆಲ್‌ನಲ್ಲೇ ದೋಷ.

ಮೊದಲು ಕಲ್ಲಿಲ್ಲದ ಫ್ರೇಮನ್ನು ಕಾಲುಗಳ ಕೆಳಗೆ ಬೆಣೆ ಕೊಟ್ಟು ಮಟ್ಟ ಮಾಡಬೇಕು. ನಮ್ಮ ಹಳೆ ಮನೆಗಳಲ್ಲಿ ನೆಲ ತೊಳೆದ ನೀರು ಹರಿದು ಹೋಗಲಿ ಅಂತ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ, ಅದನ್ನು ಇಲ್ಲೇ ಸರಿದೂಗಿಸಬೇಕು. ಆಮೇಲೆ ನಡುವಿನ ಕಲ್ಲು, ನಂತರ ಎರಡು ತುದಿ. ಈಗ ಕಲ್ಲಿಗೂ ಫ್ರೇಮಿಗೂ ನಡುವೆ ತೆಳುವಾಗಿ ಏನಾದರೂ ತೂರಿಸಿ ಒಂದೊಂದು ಮೂಲೆ ಎಬ್ಬಿಸಬೇಕು.

ನಮ್ಮ ಫಿಟ್ಟರ್ ಜೇಬಿನಿಂದ ತೆಗೆದದ್ದು ಇಸ್ಪೀಟ್ ಕಟ್ಟು. ಒಂದು ಎಲೆ ಸುಮಾರು 0.3 ಮಿಲಿಮೀಟರ್ ದಪ್ಪ, ಎಲ್ಲಾ ಎಲೆಯೂ ಒಂದೇ ದಪ್ಪ, ಭಾರಕ್ಕೆ ಕುಗ್ಗುವುದೂ ಕಡಿಮೆ. ಕತ್ತರಿಯಲ್ಲಿ ಎಲೆಯನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿ ತೂರಿಸುತ್ತಿದ್ದರು. "ಇಲ್ಲಿ ಒಂದೂವರೆ ಎಲೆ ಬೇಕು" ಅಂದರು. ಅರ್ಧ ಎಲೆ ಹೇಗೆ ಅಂತ ಕೇಳಿದೆ. ಎಲೆಯ ಎರಡು ಪದರವನ್ನು ಉಗುರಿನಿಂದ ಬಿಡಿಸಿ ತೋರಿಸಿದರು. ನಮ್ಮ ಟೇಬಲ್ ಹೊಟ್ಟೆಯಲ್ಲಿ ಈಗಲೂ ಒಂದು ಇಸ್ಪೀಟ್ ರಾಣಿ ಇದ್ದಾಳೆ.

ಸಂದಿಯ ಮೇಲೆ ಉಗುರು ಆಡಿಸಿದಾಗ ತಡೆಯಬಾರದು. ಸ್ಕ್ರೂ ಬಿಗಿದ ಮೇಲೆ ಮತ್ತೆ ಲೆವೆಲ್ ನೋಡಿ, ಬಿಗಿಯುವಾಗ ಕಲ್ಲು ಒಂದಿಷ್ಟು ಇಳಿಯುತ್ತದೆ. ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಗುತ್ತದೆ. ಹೋಗಲಿ. ಒಂದು ಗಂಟೆಯಲ್ಲಿ ಲೆವೆಲ್ ಮುಗಿಸಿದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಸಂದಿಗೆ ಏನು ತುಂಬಿಸಲಿ? ಎಂ-ಸೀಲ್ ಇದೆ ಮನೆಯಲ್ಲಿ.

ಬೇಡ. ಮುಂದಿನ ಸಲ ಬಿಚ್ಚುವವರು ಸುತ್ತಿಗೆ ಹಿಡಿಯಬೇಕಾಗುತ್ತದೆ, ಕಲ್ಲಿನ ಅಂಚೂ ಜೊತೆಗೆ ಬರುತ್ತದೆ. ಜೇನುಮೇಣ ಒಳ್ಳೆಯದು. ಕರಗಿಸಿ ಸಂದಿಗೆ ಬಿಟ್ಟು, ತಣ್ಣಗಾದ ಮೇಲೆ ಚೂಪು ಪಟ್ಟಿಯಿಂದ ಕಲ್ಲಿನ ಮಟ್ಟಕ್ಕೆ ಹೆರೆಯುತ್ತಾರೆ. ಅದು ಕರಗುವುದು 62 ಡಿಗ್ರಿ ದಾಟಿದ ಮೇಲೆ, ಕಲಬುರಗಿಯ ಬೇಸಿಗೆಯಲ್ಲೂ ಮನೆಯೊಳಗೆ ಕರಗುವುದಿಲ್ಲ. ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಮಾತ್ರ ಮೆತ್ತಗಾಗಬಹುದು. ಕಾರಿನ ಡೆಂಟಿಗೆ ಹಾಕುವ ಪುಟ್ಟಿ ಬಳಸುವವರೂ ಇದ್ದಾರೆ. ಗಟ್ಟಿ ನಿಲ್ಲುತ್ತದೆ, ಆದರೆ ಪದೇ ಪದೇ ಮನೆ ಬದಲಿಸುವವರಿಗೆ ಹೇಳಿದ್ದಲ್ಲ.

## ಸ್ವಲ್ಪ ಗಂಭೀರ ಪ್ರಶ್ನೆಗಳು

ಕಲ್ಲು ಒಡೆದೇ ಹೋಯ್ತು. ಕಡಪ ಕಲ್ಲು ಹಾಕಿಸಿಬಿಟ್ಟರೆ ಆಗಲ್ವಾ?

ಈ ಪ್ರಶ್ನೆ ನನಗೂ ಬಂದಿತ್ತು, ಅಡುಗೆಮನೆ ಶೆಲ್ಫ್ ನೋಡುತ್ತಾ. ಕಡಪ ಸುಣ್ಣದ ಕಲ್ಲಿನ ಜಾತಿ. ಪೂಲ್ ಟೇಬಲ್‌ನದ್ದು, ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನದೇ ಜಾತಿ. ಪದರ ಪದರವಾಗಿ ಏಳುತ್ತದೆ, ಉಜ್ಜಿದರೆ ಒಂದೇ ಸಮ ಆಗುತ್ತದೆ. ಕಡಪ ಕಣ್ಣಿಗೆ ಸಮ ಕಂಡರೂ ಚೆಂಡು ಉರುಳುವ ಮಟ್ಟಕ್ಕೆ ಸಮ ಇರುವುದಿಲ್ಲ, ಬೋಲ್ಟಿನ ತೂತು ಕೊರೆಯುವಾಗ ಒಡೆಯುವ ಭಯವೂ ಇದೆ.

ಕುಶನ್ ಕೆಳಗೆ ಮುಚ್ಚಿ ಹೋಗುವ ಮೂಲೆ ಒಡೆದಿದ್ದರೆ ಕಲ್ಲಿಗೆ ಹಾಕುವ ಎಪಾಕ್ಸಿಯಲ್ಲಿ ಅಂಟಿಸಿ, ಕೆಳಗೆ ಮರದ ಆಸರೆ ಕೊಡಬಹುದು. ನಮ್ಮದು ಹಾಗೇ ಉಳಿಯಿತು. ಆಟದ ಜಾಗದ ನಡುವೆ ಅಡ್ಡ ಬಿರುಕು ಬಿಟ್ಟಿದ್ದರೆ ಒಂದೇ ತುಂಡು ಬದಲಿಸುವುದು ಕಷ್ಟ, ಉಳಿದ ಎರಡಕ್ಕೆ ದಪ್ಪ ಕೂಡಬೇಕಲ್ಲ. ಮೂರನ್ನೂ ಬದಲಿಸಬೇಕಾಗಬಹುದು.

ಮಂಗಳೂರಿಗೆ ವರ್ಗ ಆಗಿದೆ. ಮಳೆಗಾಲದಲ್ಲಿ ಸಾಗಿಸಬಹುದಾ?

ಕಲ್ಲಿಗೆ ಮಳೆಯ ಭಯ ಕಡಿಮೆ. ಮರ, ಬಟ್ಟೆ, ಹೊರುವವರ ಕಾಲು, ಈ ಮೂರಕ್ಕೆ ಜಾಸ್ತಿ. ಆಗಲೇಬೇಕಾದರೆ ಮುಚ್ಚಿದ ಗಾಡಿ ಮಾಡಿ. ತಲುಪಿದ ಮೇಲೆ ಫ್ರೇಮನ್ನು ಹೊಸ ರೂಮಿನಲ್ಲಿ ಒಂದು ವಾರ ಸುಮ್ನೆ ಬಿಡಿ, ಮರ ಅಲ್ಲಿನ ತೇವಕ್ಕೆ ಹೊಂದಿಕೊಳ್ಳಲಿ. ತೇವದ ಬಟ್ಟೆಯಲ್ಲಿ ಚೆಂಡು ನಿಧಾನ ಓಡುತ್ತದೆ, ಅದು ಟೇಬಲ್‌ನ ದೋಷ ಅಲ್ಲ.

ಎಲ್ಲಾ ಸರಿ ಮಾಡಿದ ಮೇಲೂ ಚೆಂಡು ಒಂದು ಕಡೆ ವಾಲುತ್ತೆ. ಯಾಕೆ?

ಮೊದಲು ಬೇರೆ ಚೆಂಡು ಉರುಳಿಸಿ ನೋಡಿ, ಸವೆದ ಚೆಂಡು ತಾನೇ ವಾಲುತ್ತದೆ. ಆಮೇಲೆ ಬಟ್ಟೆಯ ಮೇಲೆ ಅಂಗೈ ಆಡಿಸಿ. ಕೆಳಗೆ ಒಂದು ಮೇಣದ ಚೂರು ಸಿಕ್ಕಿಕೊಂಡಿದ್ದರೂ ಸಾಕು. ಅದೂ ಅಲ್ಲದಿದ್ದರೆ ಕಾಲು ಇಳಿದಿದೆ. ಕಾರ್ಪೆಟ್ ಮೇಲೆ ಇಟ್ಟವರಿಗೆ ಇದು ಗ್ಯಾರಂಟಿ. ಎಲ್ಲಾ ಟೇಬಲ್‌ಗೂ ಎರಡು ವಾರ ಬಿಟ್ಟು ಇನ್ನೊಂದು ಸಲ ಲೆವೆಲ್ ನೋಡಬೇಕು, ಫಿಟ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ತೋಟದ ಮನೆಯಲ್ಲಿ ತಾತನ ಕಾಲದ 12 ಅಡಿ ಬಿಲಿಯರ್ಡ್ಸ್ ಟೇಬಲ್ ಇದೆ. ಬೆಂಗಳೂರಿನ ಮನೆಗೆ ತರಬಹುದಾ?

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಎರಡು ಮೂರು ಪಟ್ಟು ಮಾಡಿ. ಇದರಲ್ಲಿ ಕಲ್ಲು ಐದು ತುಂಡು, ದಪ್ಪ ಒಂದೂಮುಕ್ಕಾಲು ಇಂಚಿನ ಆಸುಪಾಸು. ಒಂದೊಂದು ತುಂಡೂ 150 ಕೆಜಿ ದಾಟುತ್ತದೆ, ನಾಲ್ಕು ಜನ ಬೇಕು. ಪೂರ್ತಿ ಟೇಬಲ್ ಒಂದು ಟನ್ನಿನ ಮೇಲೆ, ಎಂಟು ಕಾಲು. ಆಡಲು 22 ಅಡಿಗೆ 16 ಅಡಿ ರೂಮು. ಮೇಲಿನ ಮಹಡಿಯಾದರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸದೆ ಇಡಬೇಡಿ. ನಾನು ಮೇಲೆ ಹೇಳಿದ ಧೈರ್ಯ ಇದಕ್ಕೆ ಅನ್ವಯಿಸುವುದಿಲ್ಲ.

ಹಾಗಂತ ಗುಜರಿಗೆ ಹಾಕಲೂಬೇಡಿ. ಟೇಬಲ್‌ಗೆ ಮರದ ಬದಲು ಸ್ಲೇಟು ಹಾಕುವುದನ್ನು ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಶುರು ಮಾಡಿದರು. ಇದೇ ಟೇಬಲ್ ಮೇಲೆ ಆಡುವ ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್ಸಿನಲ್ಲಿ. ಆಮೇಲೆ ಕ್ಲಬ್ಬುಗಳ ಮೂಲಕ ಈ ಭಾರದ ಟೇಬಲ್‌ಗಳು ಕಾಫಿ ಸೀಮೆಯವರೆಗೂ ಹತ್ತಿ ಬಂದವು. ಅರವಿಂದ್ ಸವೂರ್, ಪಂಕಜ್ ಅಡ್ವಾಣಿ ಥರದ ಬಿಲಿಯರ್ಡ್ಸ್, ಸ್ನೂಕರ್ ಆಟಗಾರರು ಆಡಿದ ಊರು ಬೆಂಗಳೂರು. ಹಳೆ ಟೇಬಲ್‌ಗಳನ್ನು ಬಲ್ಲ ಫಿಟ್ಟರ್‌ಗಳು ಇಲ್ಲಿ ಇನ್ನೂ ಇದ್ದಾರೆ. ಅವರಲ್ಲೊಬ್ಬರನ್ನು ತೋಟಕ್ಕೇ ಕರೆದುಕೊಂಡು ಹೋಗಿ, ಬಿಚ್ಚುವ ಮುಂಚೆ ತೋರಿಸಿ. ಫ್ರೇಮಿನ ಮರಕ್ಕೆ ಗೆದ್ದಲು ಹಿಡಿದಿದೆಯಾ ಅಂತ ಮೊದಲು ನೋಡುತ್ತಾರೆ. ಹಿಡಿದಿದ್ದರೆ ಕಲ್ಲು ಮಾತ್ರ ತಂದು, ಹೊಸ ಫ್ರೇಮು ಮಾಡಿಸಬಹುದು. ತಾತನ ಹೆಸರು ಕೆತ್ತಿದ ಕ್ಯೂ ಸ್ಟ್ಯಾಂಡ್ ಏನಾದರೂ ಇದ್ದರೆ ಅದನ್ನು ಲಾರಿಗೆ ಹಾಕದೆ ನಿಮ್ಮ ಕಾರಿನಲ್ಲೇ ತನ್ನಿ.